ಹೊರಗಿನ ಕೀಲಿ

ಇನ್ನೂ ಕತ್ತಲಿತ್ತು. ಬಾಗಿಲ ಹೊರಗೆ ಕೀಲಿ ಹಾಕಿದ ಸಣ್ಣ ಸಪ್ಪಳಕ್ಕೆ ಎಚ್ಚರವಾಯಿತು. ನನ್ನ ಗಂಡ ರಾಜಾರಾಮ ಹಾಸಿಗೆಯಲ್ಲಿರಲಿಲ್ಲ. ಅಥಣಿಯ ಮೊದಲ ಬಸ್ಸಿಗೆ ಹೊರಟವರು, ನಾನು ಒಳಗಿರುವಾಗಲೇ ಮನೆಗೆ ಕೀಲಿ ಹಾಕಿಕೊಂಡು ಹೋಗಿದ್ದರು.

ಅವರು ಅಥಣಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ, ನಾನು ನಿಪ್ಪಾಣಿಯಲ್ಲಿ ಅರ್ಥಶಾಸ್ತ್ರ. ಮನೆ ನಡುವೆ, ಚಿಕ್ಕೋಡಿಯಲ್ಲಿ. ಎಂಟು ವರ್ಷದಿಂದ ನಮ್ಮ ಬಸ್ಸುಗಳು ಒಂದು ಆಕಡೆ, ಒಂದು ಈಕಡೆ. ನನಗೆ ಪರೀಕ್ಷೆಯ ಡ್ಯೂಟಿ ಮಧ್ಯಾಹ್ನಕ್ಕಿದೆ ಎಂದು ರಾತ್ರಿ ಊಟದಲ್ಲಿ ಹೇಳಿದ್ದೆ. ಪಿಎಚ್.ಡಿ. ಹಾಳೆಗಳಿಂದ ತಲೆ ಎತ್ತದೆ ಹೂಂ ಅಂದಿದ್ದರು. ನನ್ನ ಕೀಲಿಕೈ ಒಂದು ವಾರದಿಂದ ಸಿಕ್ಕಿರಲಿಲ್ಲ.

ಹೋದ ತಿಂಗಳು, ಅಕ್ಕೋಳದ ನನ್ನ ಅವ್ವನ ಕಣ್ಣು ಹೇಗಿದೆಯೆಂದು ಒಂದೇ ಸಂಜೆ ಎರಡು ಸಲ ಕೇಳಿದ್ದರು. ಅಂದಿನಿಂದ ಅವರ ಮೇಲೆ ಕಣ್ಣಿಟ್ಟಿದ್ದೆ. ಮರೆವಿಗೆ ಔಷಧ ಕೊಡುವ ಮಿರಜಿನ ಡಾಕ್ಟರೊಬ್ಬರ ವಿಳಾಸ ನನ್ನ ಪರ್ಸಿನಲ್ಲಿತ್ತು. ರೋಗವಾದರೆ ಔಷಧವಿದೆ. ರೋಗವಲ್ಲದಿದ್ದರೆ, ಅವರು ಮರೆಯುತ್ತಿರುವುದು ನನ್ನನ್ನು.

ಹನ್ನೊಂದಕ್ಕೆ ನೆರೆಯ ರುಕ್ಮವ್ವ ಕಿಟಕಿಯ ಹತ್ತಿರ ನಿಂತಳು.

"ಏನ್ರಿ ಬಾಯಾರ, ಸರ್ ನಿಮ್ಮನ್ನ ತಿಜೋರ್ಯಾಗ ಇಟ್ಟ ಹೋಗ್ಯಾರೇನ್ರಿ?"

"ನಾನ ಹಾಕ್ಕೊಂಡ ಹೋಗ್ರಿ ಅಂದೀನಿ. ಪೇಪರ್ ತಿದ್ದೂದೈತಿ."

ಆಕೆ ನಗುತ್ತ ಹೋದಳು. ನನ್ನ ಗಂಡ ನನ್ನನ್ನು ಮರೆತರೆಂದು ಓಣಿಗೆಲ್ಲ ಗೊತ್ತಾಗುವುದಕ್ಕಿಂತ ಡ್ಯೂಟಿ ತಪ್ಪಿದರೂ ಸರಿ ಎನಿಸಿತು.

ಸಂಜೆ ಅವರು ಕೀಲಿ ತೆಗೆದು ಒಳಗೆ ಬಂದರು.

"ಯಾಕ, ಮಧ್ಯಾಹ್ನ ಡ್ಯೂಟಿಗೆ ಹೋಗಲಿಲ್ಲೇನು?"

ಅವರಿಗೆ ನೆನಪಿತ್ತು! "ನೀವು ಕೀಲಿ ಹಾಕ್ಕೊಂಡ ಹೋದ್ರ ನಾ ಹ್ಯಾಂಗ ಹೋಗ್ಲಿ?"

"ನೀನ ಹೇಳಿದ್ದಿ. ಕೀಲಿಕೈ ಸಿಗವಲ್ದು, ಮುಂದಿನ ಬಾಗಲಾ ನೀವ ಹಾಕ್ರಿ, ನಾ ಹಿತ್ತಲ ಬಾಗಲದಿಂದ ಹೋಗ್ತೀನಿ ಅಂತ."

"ನಾ ಯಾವಾಗ ಅಂದೆ?"

"ಊಟಕ್ಕ ಕೂತಾಗ." ಅವರು ಒಳಗೆ ನಡೆದು, ಹಿತ್ತಲ ಬಾಗಿಲು ತೆರೆದು ನಕ್ಕರು. "ಹಂಗಾದ್ರ ಈ ಸೀರಿ ತಾನ ನಡಕೊಂತ ಹೋಗಿ ಹಗ್ಗದ ಮ್ಯಾಲೆ ಕುಂತೈತೇನು?"

ಹಗ್ಗದ ಮೇಲೆ ನನ್ನ ಹಸಿರು ಸೀರೆ ಒಣಗಿತ್ತು. ಬೆಳಿಗ್ಗೆ ಆ ಬಾಗಿಲಿನಿಂದಲೇ ಹೋಗಿ, ಒಗೆದು, ಹಾಕಿ, ಮತ್ತೆ ಒಳಗೆ ಬಂದು ದಿನವಿಡೀ ಸೆರೆಯಲ್ಲಿ ಕೂತಿದ್ದೆ. ಆ ಮಾತನ್ನು ನಾನು ಹೇಳಿದ್ದೆನೋ ಇಲ್ಲವೋ, ಎಷ್ಟು ಹುಡುಕಿದರೂ ಸಿಗಲಿಲ್ಲ. ನೆನಪಾಗುತ್ತಿದ್ದದ್ದು ಅವರ ಹೂಂ ಮಾತ್ರ.

"ತಲಿನೋವಿತ್ರಿ, ಅದಕ್ಕ ಹೋಗಲಿಲ್ಲ," ಅಂದೆ.

ಅವರು ಆಗಲೇ ಹಾಳೆ ಬಿಚ್ಚಿ ಕೂತಿದ್ದರು. ಸೀರೆ ಮಡಚುತ್ತ ನಿಂತೆ. ಇದನ್ನು ಅವರಿಗೂ, ಅವ್ವನಿಗೂ, ಮಿರಜಿನ ಡಾಕ್ಟರರಿಗೂ ಹೇಳಬಾರದು ಎಂದುಕೊಂಡೆ.