ಸೂರಿಗೆ ಬಾಗಿಲಿಟ್ಟ ಮನೆ

ಕುಮಾಸಿಯ ಈ ಯೂನಿವರ್ಸಿಟಿಯಲ್ಲಿ ಮನೆ ಕಟ್ಟುವುದನ್ನು ಕಲಿಸುವ ವಿಭಾಗವಿದೆಯಲ್ಲ, ಅದರ ಗೇಟಿನ ಪಕ್ಕ, ಬೇವಿನ ಮರದ ಕೆಳಗೆ ಹನ್ನೊಂದು ವರ್ಷದಿಂದ ವಾಚೆ ಅನ್ನ ಮಾರುತ್ತಿದ್ದೇನೆ. ಅಲಸಂದೆ ಹಾಕಿ ಬೇಯಿಸಿದ ನನ್ನ ಕೆಂಪನ್ನ ತಿನ್ನದೆ ಇಲ್ಲಿ ಒಂದು ನಕ್ಷೆಯೂ ಮುಗಿದಿಲ್ಲ. ಎಲ್ಲರಿಗೂ ನಾನು ಆಂಟಿ. ಮೇಷ್ಟ್ರಿಗೂ ಆಂಟಿ, ಕಾವಲುಗಾರನಿಗೂ ಆಂಟಿ. ನಾನೇ ಹೆತ್ತ ಮಗಳಿಗೂ ಇಲ್ಲಿ ಆಂಟಿಯೇ.

ಅವಳು ಇಲ್ಲೇ ನಾಲ್ಕನೇ ವರ್ಷದಲ್ಲಿ ಓದುತ್ತಿದ್ದಳು. ಸೇರಿದ ಮೊದಲ ದಿನವೇ ಬಂದು, ತಟ್ಟೆ ಹಿಡಿದುಕೊಂಡು, ಪಿಸುಗುಟ್ಟಿದ್ದಳು. "ಅಮ್ಮ, ಇಲ್ಲಿ ಎಲ್ಲಾರ ಥರ ನಾನೂ ಆಂಟಿ ಅಂತೀನಿ. ಬೇಜಾರಿಲ್ಲ ತಾನೆ?"

"ಬೇಜಾರು ಯಾಕೆ? ಅನ್ನು," ಅಂದೆ. ಮನಸ್ಸಿಗೆ ಚುಚ್ಚಲಿಲ್ಲ ಅಂದರೆ ಸುಳ್ಳಾದೀತು. ಆದರೆ ಆ ಪದ ಅವಳಿಗೆ ಹೊಸದಲ್ಲ. ಅದನ್ನು ಕಲಿಸಿದವಳು ನಾನೇ.

ಅವಳಿಗಿಂತ ಮೊದಲು ಮೂರು ಹೆತ್ತಿದ್ದೆ, ಮೂರನ್ನೂ ಮಣ್ಣಿಗೆ ಕೊಟ್ಟಿದ್ದೆ. ಮೊದಲನೆಯದು ಹೆಸರಿಡುವ ಎಂಟನೇ ದಿನವನ್ನೂ ಕಾಣಲಿಲ್ಲ. ನಾಲ್ಕನೆಯದು ಹುಟ್ಟಿದಾಗ ನನ್ನ ಚಿಕ್ಕಮ್ಮ ನನ್ನ ಮುಖವನ್ನೂ ನೋಡಲಿಲ್ಲ. ಕೂಸನ್ನು ಹರಕು ಬುಟ್ಟಿಯಲ್ಲಿ ಹಾಕಿ, ಹಿತ್ತಲಿನ ತಿಪ್ಪೆಯ ಮೇಲೆ ಇಟ್ಟು ಬಂದಳು. ಪಕ್ಕದ ಮನೆಯ ಬಿರಾಗೊ ಅದನ್ನು ಎತ್ತಿಕೊಂಡು, "ಯಾರೋ ಎಸೆದ ಕೂಸು ಸಿಕ್ಕಿದೆ, ಯಾರಿಗಾದ್ರೂ ಬೇಕೇನ್ರೇ?" ಎಂದು ಕೂಗುತ್ತಾ ಬಾಗಿಲಿಗೆ ಬಂದಳು. ನಾನು ಮೂಗು ಮುರಿದು, ಎರಡು ಕಾಸು ಕೊಟ್ಟು ಕೊಂಡುಕೊಂಡೆ. ಕೆನ್ನೆಗೆ ಮೂರು ಮೂರು ಗೀರು ಹಾಕಿಸಿ, ಸುಮಿನಾ ಎಂದು ಹೆಸರಿಟ್ಟೆವು. ಸುಮಿನಾ ಅಂದರೆ ತಿಪ್ಪೆ. ಹೆತ್ತ ತಾಯಿಗೇ ಬೇಡವಾದ ಕಸವನ್ನು ಸಾವು ತಾನೇ ಯಾಕೆ ಹೊತ್ತೊಯ್ಯುತ್ತದೆ? ನಮ್ಮಲ್ಲಿ ಮಕ್ಕಳು ನಿಲ್ಲದ ಮನೆಗಳಲ್ಲೆಲ್ಲ ಹೀಗೇ ಮಾಡುತ್ತಾರೆ.

ಏಳು ವರ್ಷ ತುಂಬುವವರೆಗೆ ಅವಳು ನನ್ನನ್ನು ಆಂಟಿ ಅಂತಲೇ ಕರೆದಳು. ಮುದ್ದು ಮಾಡುವಂತಿಲ್ಲ, ಜೋಗುಳ ಹಾಡುವಂತಿಲ್ಲ, ಸಾವು ಕಿವಿಯಿಟ್ಟು ಕೇಳುತ್ತಿರುತ್ತದೆ. ಅದಕ್ಕೇ ತಲೆಬುಡವಿಲ್ಲದ ಒಂದು ಹಾಡು ಕಟ್ಟಿದೆ. ಸಾವು ಮನೆ ಹುಡುಕಿಕೊಂಡು ಬಂದರೂ ಬಾಗಿಲು ಸಿಗದೆ ತಲೆ ಕೆರೆದುಕೊಂಡು ವಾಪಸ್ಸು ಹೋಗಲಿ ಅಂತ.

ತಿಪ್ಪೆಯ ಮೇಲೆ ಮನೆಯನು ಕಟ್ಟಿ
ಸೂರಿಗೆ ಬಾಗಿಲು ಇಟ್ಟೆ,
ನೆಲಕ್ಕೆ ಒಂದು ಕಿಟಕಿಯ ಕೊರೆದು
ಮೀನಿಗೆ ಮೊಟ್ಟೆ ಕೊಟ್ಟೆ.

ಮೆಟ್ಟಿಲು ಹತ್ತಿ ಇಳಿದೆ ಕೆಳಗೆ,
ಇಳಿದು ಇಳಿದು ಮೇಲೆ,
ಕೋಳಿಗೆ ಟೋಪಿ, ಆಮೆಗೆ ಚಪ್ಪಲಿ,
ಮೇಕೆಯ ಕಿವಿಗೆ ಓಲೆ.

ಕುಂಯ್ ಕುಂಯ್ ಅಂತು ಬುಟ್ಟಿಯ ಒಳಗೆ,
ಯಾರದು ಕೂಸು, ಯಾರದು?
ನನ್ನದಲ್ಲಪ್ಪ, ನನ್ನದಲ್ಲ,
ಹಾದಿಲಿ ಹೋಗೋ ಯಾರದೋ.

ಅವಳು ಉಳಿದಳು. ಗಟ್ಟಿಮುಟ್ಟಾಗಿ ಬೆಳೆದಳು. ಶಾಲೆಗೆ ಸೇರಿಸುವಾಗ ಒಫೊಸುವಾ ಎಂದು ಮರ್ಯಾದೆಯ ಹೆಸರು ಬರೆಸಿದೆ. ಹಾಡು ಮಾತ್ರ ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿತು. ಇವತ್ತಿಗೂ ಅನ್ನ ಬಡಿಸುತ್ತಾ ಗುನುಗುತ್ತೇನೆ.

ಆ ವರ್ಷ ಅವರ ಮೇಷ್ಟ್ರು ಡಾಕ್ಟರ್ ಅಡೊಮಾಕೊ ವಿಚಿತ್ರವಾದ ಕೆಲಸ ಕೊಟ್ಟಿದ್ದರು. ಪ್ರತಿಯೊಬ್ಬರೂ ಚಿಕ್ಕಂದಿನಲ್ಲಿ ಕೇಳಿದ, ಅರ್ಥವಿಲ್ಲದ ಒಂದು ಹಾಡು ತರಬೇಕು. ಅದನ್ನು ಚಿತ್ರ ಮಾಡಬೇಕು. ಆಮೇಲೆ ಆ ಚಿತ್ರವನ್ನು ಬಿದಿರು, ಮಣ್ಣು, ಹಲಗೆಯಲ್ಲಿ ವಿಭಾಗದ ಮುಂದಿನ ಹುಲ್ಲಿನ ಮೇಲೆ ಕಟ್ಟಿ ನಿಲ್ಲಿಸಿ, ಒಂದು ರಾತ್ರಿ ಅದರೊಳಗೆ ಇದ್ದು ತೋರಿಸಬೇಕು.

ಬ್ರೆಂಪಾಂಗ್ ಎಂಬ ಹುಡುಗ, ದಿನಕ್ಕೆರಡು ಸಲ ನನ್ನ ಅನ್ನ ತಿನ್ನುವ ಹೊಟ್ಟೆಬಾಕ, ಬಂದು ಗೋಳಾಡಿದ. "ಆಂಟಿ, ನಮ್ಮಮ್ಮ ನಂಗೆ ಬರೀ ಬೈಗುಳ ಹೇಳ್ಕೊಟ್ಟಿದ್ದು. ಅದ್ರಲ್ಲಿ ಮನೆ ಹೆಂಗೆ ಕಟ್ಲಿ?"

"ನಿಮ್ಮಮ್ಮನ ಬೈಗುಳದಲ್ಲಿ ಅರಮನೆನೇ ಕಟ್ಟಬಹುದಲ್ಲೋ, ಅಷ್ಟಿರುತ್ತೆ ಸಾಮಾನು," ಅಂದೆ. ಎಲ್ಲರೂ ನಕ್ಕರು.

ಆ ಭಾನುವಾರ ಮನೆಗೆ ಬಂದ ನನ್ನ ಮಗಳು ಪಾತ್ರೆ ಉಜ್ಜುತ್ತಾ, ತಲೆ ಎತ್ತದೆ ಕೇಳಿದಳು. "ಅಮ್ಮ, ನಿನ್ನ ಹಾಡು ತಗೊಳ್ಲಾ?"

"ಅದೇನು ಹಾಡು ಮಹಾ! ತಗೋ."

"ಅಕ್ರಾದಿಂದ ಮಿಸೆಸ್ ಲ್ಯಾಂಪ್ಟಿ ಅಂತ ದೊಡ್ಡ ಆರ್ಕಿಟೆಕ್ಟ್ ನೋಡೋಕೆ ಬರ್ತಾರೆ. ಅವರಿಗೆ ಇಷ್ಟ ಆದ್ರೆ ಅವರ ಆಫೀಸಲ್ಲೇ ಕೆಲಸ." ಉಜ್ಜಿದ ಪಾತ್ರೆ ಮಗುಚಿಟ್ಟು ಅಂದಳು, "ಅವತ್ತು ನೀನೂ ಬಾ. ಹಾಡು ಕಟ್ಟಿದ್ದು ನಮ್ಮಮ್ಮ ಅಂತ ಎಲ್ಲಾರ ಮುಂದೆ ಹೇಳ್ತೀನಿ."

ಅಯ್ಯೋ, ನಾನೆಂಥ ಹುಚ್ಚಿ! ಆ ಒಂದು ಮಾತು ಹಿಡಿದುಕೊಂಡು ಆರು ವಾರ ಕುಣಿದೆ. ಹುಲ್ಲಿನ ಮೇಲೆ ಅವಳ ಮನೆ ದಿನಾ ಒಂದೊಂದು ಮೊಳ ಏಳುವುದನ್ನು ಮರದ ಕೆಳಗಿನಿಂದಲೇ ನೋಡಿದೆ. ಹತ್ತಿರ ಹೋಗಲಿಲ್ಲ. ಅವಳೇ ಕರೆದು ತೋರಿಸಲಿ ಅಂತ.

ಆ ದಿನ ಪೆಟ್ಟಿಗೆಯಿಂದ ನೀಲಿ ಬಟ್ಟೆಯ ಕಾಬಾ, ಹಬ್ಬಕ್ಕೆ ಮಾತ್ರ ಉಡುವ ರವಿಕೆ-ಲಂಗದ ಜೋಡಿ, ತೆಗೆದು ಉಟ್ಟೆ. ತಲೆಗೆ ಅದೇ ಬಟ್ಟೆಯನ್ನು ಸುತ್ತಿದೆ. ಬಂದವರಿಗೆ ಊಟ ನನ್ನಿಂದಲೇ ಅಂತ ಮೇಷ್ಟ್ರು ಹೇಳಿದ್ದರು. ಹಾಗಾಗಿ ಪಾತ್ರೆ ಹೊತ್ತುಕೊಂಡೇ ಹೋದೆ. ಬ್ರೆಂಪಾಂಗ್ ಶಿಳ್ಳೆ ಹೊಡೆದ. "ಏನಾಂಟಿ, ಮದುವೆನಾ? ಗಂಡು ಯಾರು?"

"ಮುಚ್ಚೋ ಬಾಯಿ. ಇವತ್ತು ನಿಂಗೆ ಮೊಟ್ಟೆ ಇಲ್ಲ."

ಮಗಳ ಮನೆ ಮೂರನೆಯದು. ಮೊದಲ ಸಲ ಹತ್ತಿರದಿಂದ ನೋಡಿದೆ. ಬಿದಿರ ಗಳಗಳ ಮೇಲೆ ಎತ್ತಿ ನಿಲ್ಲಿಸಿದ ಮನೆ, ಸೂರಿನಲ್ಲಿ ಬಾಗಿಲು, ಅದಕ್ಕೆ ಏಣಿ. ಸೊಟ್ಟಗೆ ಸುತ್ತಿದ ಮೆಟ್ಟಿಲುಗಳು, ಇಳಿಯುತ್ತಿದ್ದೇನೆ ಅಂದುಕೊಂಡವರು ಮೇಲಿನ ಜಗಲಿಗೇ ಬಂದು ನಿಲ್ಲುತ್ತಿದ್ದರು. ಮಿಸೆಸ್ ಲ್ಯಾಂಪ್ಟಿ ಆ ವಯಸ್ಸಿನಲ್ಲೂ ಏಣಿ ಹತ್ತಿ ಒಳಗೆ ಹೋಗಿ, ನೆಲದ ಕಿಟಕಿಯಲ್ಲಿ ಮುಖ ತೋರಿಸಿ ಕಿಸಿಕಿಸಿ ನಕ್ಕರು. ಒಂದು ಗೋಡೆ ಬಿದಿರಿನ ಜಾಲರಿ. ಅದರೊಳಗಿಂದ ನನಗೆ ಕಂಡಿತು: ಮನೆಯ ನಟ್ಟನಡುವೆ, ಮಲಗುವ ಜಾಗದಲ್ಲಿ, ತೂಗುಹಾಕಿದ ದೊಡ್ಡ ಬುಟ್ಟಿ. ಒಂದು ಕಡೆ ಬೇಕೆಂದೇ ಹರಿದು ಬಿಟ್ಟ ಅಂಚು. ಅದೇ ಬುಟ್ಟಿ. ನನ್ನ ಕಣ್ಣು ತುಂಬಿ ಬಂತು. ಇವಳು ಏನೂ ಮರೆತಿಲ್ಲ ಅಂದುಕೊಂಡೆ.

ಆಮೇಲೆ ಪಕ್ಕದ ಫಲಕ ನೋಡಿದೆ. ನಿಧಾನವಾಗಿ ಕೂಡಿಸಿ ಓದುವಷ್ಟು ಅಕ್ಷರ ನನಗೂ ಬರುತ್ತದೆ. ಚಿತ್ರಗಳ ಕೆಳಗೆ ಹಾಡು ಬರೆದಿತ್ತು. ಮೇಕೆಯ ಓಲೆಗೇ ನಿಂತಿತ್ತು, ಕೊನೆಯ ನಾಲ್ಕು ಸಾಲು ಇರಲಿಲ್ಲ. ಅದರ ಕೆಳಗೆ, "ಹಳೆಯ ಶಿಶುಗೀತೆ. ಕಟ್ಟಿದವರು ಯಾರೋ ತಿಳಿಯದು."

ಇನ್ನೂ ಬಾಯಲ್ಲಿ ಹೇಳುತ್ತಾಳೇನೋ ಅಂತ ಕಾದೆ. ಮಿಸೆಸ್ ಲ್ಯಾಂಪ್ಟಿ ಕೆಳಗಿಳಿದು ಬಂದು ಅವಳ ಭುಜ ತಟ್ಟಿದರು. "ತುಂಬ ಚೆನ್ನಾಗಿದೆ ಮರಿ. ಲಂಡನ್ನಲ್ಲಿ ನಿಮ್ಮಮ್ಮ ನರ್ಸ್ ಅಂತ ಮೇಷ್ಟ್ರು ಹೇಳಿದ್ರು. ಫೋಟೊ ಕಳ್ಸು, ಖುಷಿ ಪಡ್ತಾರೆ."

"ಹೂಂ ಮೇಡಂ, ಕಳಿಸ್ತೀನಿ," ಅಂದಳು ನನ್ನ ಮಗಳು.

ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಲಂಡನ್! ನರ್ಸ್! ನಾಲ್ಕು ವರ್ಷದಿಂದ ಇಡೀ ವಿಭಾಗಕ್ಕೆ ಗೊತ್ತಿದ್ದ ನನ್ನ ಉದ್ಯೋಗ, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಎಳೆದು ಎರಡು ಬಾರಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಆ ಹೊಟ್ಟೆಬಾಕ ಬಾಯಿ ಹಾಕಿದ. "ಮೇಡಂ, ಈ ಹಾಡು ನಮ್ಮಾಂಟಿ ದಿನಾ ಹಾಡ್ತಾರೆ! ಇನ್ನೂ ಬಾಲ ಇದೆ ಇದಕ್ಕೆ. ಹಾಡಿ ಆಂಟಿ!"

ಎಲ್ಲರೂ ನನ್ನ ಕಡೆ ತಿರುಗಿದರು. ಒಫೊಸುವಾ ತಿರುಗಲಿಲ್ಲ. ಸಿಟ್ಟಿಗೋ ಏನೋ, ನಾನು ಹಾಡಿಯೇಬಿಟ್ಟೆ. ಮೊದಲಿನಿಂದ ಕೊನೆಯವರೆಗೆ, ಸೌಟಿನಿಂದ ಪಾತ್ರೆಗೆ ಬಡಿದು ತಾಳ ಹಾಕುತ್ತಾ. ಹುಡುಗರು ಚಪ್ಪಾಳೆ ತಟ್ಟಿದರು.

ಡಾಕ್ಟರ್ ಅಡೊಮಾಕೊ ಮಾತ್ರ ತಟ್ಟಲಿಲ್ಲ. ಅವರು ಇಲ್ಲಿಯವರೇ, ನಮ್ಮ ಹಾಗೇ ಅಸಾಂಟೆ ಜನರ ಮನೆಯಲ್ಲಿ ಹುಟ್ಟಿದವರು. ಬುಟ್ಟಿ, ತಿಪ್ಪೆ, ನನ್ನದಲ್ಲ ಅನ್ನುವ ಮಾತು, ಇದೆಲ್ಲ ಯಾವ ಮನೆಯಲ್ಲಿ ಯಾಕೆ ಬರುತ್ತದೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ನನ್ನ ಮಗಳ ಕೆನ್ನೆ ನೋಡಿದರು. ಪೌಡರ್ ಎಷ್ಟು ಮೆತ್ತಿದರೂ ಬೆವರು ಬಂದಾಗ ಗೀರು ಕಾಣುತ್ತದೆ. ಆಮೇಲೆ ನನ್ನ ನೀಲಿ ಬಟ್ಟೆ ನೋಡಿದರು.

"ಆಂಟಿ," ಅಂದರು ಮೆಲ್ಲಗೆ, "ಈ ಹುಡುಗಿ ನಿಮಗೇನಾಗ್ಬೇಕು?"

ಈಗ ಅವಳು ತಿರುಗಿದಳು. ಆ ಕಣ್ಣು! ನಾಲ್ಕು ತಿಂಗಳ ಕೂಸಾಗಿದ್ದಾಗ ಜ್ವರದಲ್ಲಿ ಹೀಗೇ ನೋಡಿದ್ದಳು. ಹೌದು ಅಂದರೆ ಸುಳ್ಳುಬುರುಕಿ ಅನ್ನಿಸಿಕೊಂಡು ಆ ದೊಡ್ಡ ಮನುಷ್ಯರ ಮುಂದೆ ಕುಸಿದುಹೋಗುತ್ತಾಳೆ, ಕೆಲಸವೂ ಹೋಗುತ್ತದೆ. ನನಗೆ ಅಮ್ಮ ಅನ್ನಿಸಿಕೊಳ್ಳುವ ಆಸೆ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿದೆ.

"ಇವಳಾ? ನನ್ನದಲ್ಲಪ್ಪ, ನನ್ನದಲ್ಲ," ಅಂದೆ. "ನನ್ನ ಹೊಟ್ಟೇಲಿ ಇಂಥ ಬುದ್ಧಿವಂತೆ ಹುಟ್ತಾಳಾ? ದಿನಾ ಅನ್ನ ತಿನ್ನೋಕೆ ಬಂದು ಕೇಳಿ ಕೇಳಿ ಕಲ್ತಿರ್ಬೇಕು. ಬನ್ನಿ, ತಣ್ಣಗಾಗುತ್ತೆ, ಊಟ ಮಾಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಇಪ್ಪತ್ತೆರಡು ವರ್ಷದ ಹಿಂದೆ ಸಾವಿಗೆ ಹೇಳಿದ ಅದೇ ಸುಳ್ಳು, ಅದೇ ಗಂಟಲು. ಅವತ್ತಿನಂತೆ ಇವತ್ತೂ ಕೆಲಸ ಮಾಡಿತು. ಡಾಕ್ಟರ್ ಅಡೊಮಾಕೊ ತಲೆ ತಗ್ಗಿಸಿ ತಟ್ಟೆ ತೆಗೆದುಕೊಂಡರು.

ಸಂಜೆಗೆ ಮುಂಚೆ ಮೊದಲ ಸ್ಥಾನ ಅವಳದೇ ಅಂತ ಹೇಳಿದರು. ಬರುವ ತಿಂಗಳಿಂದ ಅಕ್ರಾದ ಆಫೀಸು. ನಾನು ಮರದ ಕೆಳಗೆ ಕೂತು ಪಾತ್ರೆಯ ತಳ ಕೆರೆಯುತ್ತಿದ್ದೆ, ನೀಲಿ ಬಟ್ಟೆಯ ಮೇಲೆ ಮಸಿ ಬಿದ್ದಿತ್ತು. ಅವಳು ಬಂದಳು. ಮೊದಲು ಗೇಟಿನ ಕಡೆ ನೋಡಿದಳು, ಆಮೇಲೆ ರಸ್ತೆಯ ಕಡೆ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಗ್ಗಿದಳು.

"ಅಮ್ಮ," ಅಂದಳು. "ಥ್ಯಾಂಕ್ಸ್ ಅಮ್ಮ. ಹೇಳ್ಬೇಕು ಅಂತಾನೇ ಇದ್ದೆ, ಆಗ್ಲಿಲ್ಲ."

ಆರು ವಾರ ಕಾದ ಪದ. ಹೀಗೆ, ಕದ್ದ ಸಾಮಾನು ಕೈಗಿಟ್ಟಂತೆ. ನನ್ನ ಹಾಳು ಸಿಟ್ಟು ನೆತ್ತಿಗೇರಿತು.

"ಯಾರಮ್ಮ ನೀನು?" ಅಂದೆ. "ನಿಮ್ಮಮ್ಮ ಲಂಡನ್ನಲ್ಲಿದ್ದಾಳೆ. ಅಲ್ಲಿಗೆ ಹೋಗಿ ಹೇಳು ಥ್ಯಾಂಕ್ಸು. ಇಲ್ಲಿ ಆಂಟಿ ಅನ್ನು."

ಅವಳು ಬಗ್ಗಿದವಳು ಬಗ್ಗಿದಂತೆಯೇ ಇದ್ದಳು. ನಾನು ಪಾತ್ರೆ ಕೆರೆಯುತ್ತಲೇ ಇದ್ದೆ. ಕೆರೆಯುತ್ತಾ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ: ಜಗಳ ಆಡೇ, ಕಾಲು ನೆಲಕ್ಕೆ ಅಪ್ಪಳಿಸಿ ಕೂಗಾಡೇ, ಈ ರಸ್ತೆಗೆಲ್ಲ ಕೇಳುವ ಹಾಗೆ ಒಂದೇ ಒಂದು ಸಲ ಅಮ್ಮ ಅನ್ನೇ. ಅಷ್ಟಾಗಿದ್ದರೆ ಲಂಡನ್ನನ್ನೂ ಮರೆಯುತ್ತಿದ್ದೆ, ಎಲ್ಲವನ್ನೂ ಮರೆಯುತ್ತಿದ್ದೆ.

ಆದರೆ ಚಿಕ್ಕಂದಿನಿಂದಲೂ ನಾನು ಹೇಳಿದ ಮಾತು ಮೀರದ ಹುಡುಗಿ ಅವಳು. ಗೇಟಿನಲ್ಲಿ ಬ್ರೆಂಪಾಂಗ್ ಮತ್ತು ಉಳಿದ ಹುಡುಗರು ಕಾಣಿಸಿಕೊಂಡು, "ಒಫೊಸುವಾ, ಬಾರೇ, ಮೇಡಂ ಹೊರಟ್ರು!" ಎಂದು ಕೂಗಿದರು. ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

"ಬರ್ತೀನಿ, ಆಂಟಿ," ಅಂದು ಹೋದಳು.