ಎಲೆಯಡಿಕೆಗಾಗಿ ಗುಡ್ಡ ಹತ್ತಿದ ಜೀಪು

ನನ್ನ ಓರಗಿತ್ತಿ ಹುಚ್ಚಮ್ಮ ಎಲೆಯಡಿಕೆ ಬಿಟ್ಟ ಮೇಲೆ ನಾಯಿಗಳು ಕೂಡ ನಮ್ಮ ಬೀದಿಗೆ ಬರುವುದನ್ನು ಬಿಟ್ಟವು. ಅಷ್ಟು ಬೈಯುತ್ತಿದ್ದಳು. ಅವಳು ಹಿತ್ತಲಲ್ಲಿ ನಿಂತು ಕೂಗಿದರೆ ಬೀರೂರು ಸ್ಟೇಷನ್ನಿನಲ್ಲಿ ರೈಲು ಹೊರಡಲು ಹೆದರುತ್ತಿತ್ತು.

ಮೊಮ್ಮಗಳು ಪಂಕಜಾಕ್ಷಿಗೆ ಜ್ವರ ಏರಿದಾಗ ಕಟ್ಟಿಕೊಂಡ ಹರಕೆ ಅದು. ಮಗು ಎದ್ದು ಕೂತರೆ ಗುಡ್ಡದ ವೀರಭದ್ರನ ಹತ್ತಿರ ಹೋಗಿ ಹೂವಿನ ಅಪ್ಪಣೆ ಕೇಳುತ್ತೇನೆ, ಅಪ್ಪಣೆ ಆಗುವವರೆಗೆ ಎಲೆ ಮುಟ್ಟುವುದಿಲ್ಲ ಎಂದಿದ್ದಳು. ಮಗು ಎದ್ದಿತು, ಇಸ್ಕೂಲಿಗೂ ಹೋಯಿತು. ಅಷ್ಟರಲ್ಲಿ ಇವಳು ಅಟ್ಟದ ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡಳು. ಹೊಸ್ತಿಲು ದಾಟುವುದೇ ಕಷ್ಟ, ಗುಡ್ಡ ಹತ್ತುವುದೆಲ್ಲಿ? ಗಾಡಿಯ ಎತ್ತುಗಳು ಆ ಗುಡ್ಡದ ಬುಡದಲ್ಲೇ ಮಲಗಿಬಿಡುತ್ತಿದ್ದವು. ಹೊತ್ತುಕೊಂಡು ಹೋಗುತ್ತೇವೆ ಎಂದು ಗಂಡಸರು ಬಂದರೆ, "ನಾಲ್ಕು ಜನ ಹೊರೋದು ಒಂದೇ ಸಲ ಕಣ್ರೋ. ಅವಸರ ಇದ್ರೆ ನೀವೇ ಮೊದ್ಲು ಮಲಗ್ರಿ" ಎಂದು ಓಡಿಸಿದಳು.

ಎಪ್ಪತ್ತೆಂಟನೇ ಇಸವಿಯಲ್ಲಿ ಅವಳ ತಮ್ಮನ ಮಗ ಷಡಕ್ಷರಿ ತರೀಕೆರೆಯ ಹರಾಜಿನಲ್ಲಿ ಒಂದು ಹಳೇ ಜೀಪು ಹಿಡಿದು ತಂದ. ಬಣ್ಣ ಹೋಗಿ ಹುಣಸೆಹಣ್ಣು ಹಚ್ಚದ ತಾಮ್ರದ ಚೊಂಬಿನಂತಿತ್ತು. ಹಿಂದಿನ ಎರಡು ಹೊಸ ಟೈರು ಬಿಟ್ಟರೆ ಅವನು ಅದಕ್ಕೆ ಬೇರೇನೂ ಹಾಕಿಸಿರಲಿಲ್ಲ. ಕಂಪನಿಯಿಂದ ಹೆಂಗೆ ಇಳಿದಿತ್ತೋ ಹಂಗೇ ಇತ್ತು.

"ಅತ್ತೆ, ಗುಡ್ಡದ ಮ್ಯಾಲೆ ಕರ್ಕೊಂಡೋಗ್ತೀನಿ, ಹತ್ತು" ಎಂದ.

"ನಿನ್ನ ಡಬ್ಬಾ ಆ ಗುಡ್ಡ ಹತ್ತುತ್ತೇನೋ?"

"ಹತ್ತದಿದ್ರೆ ನನ್ನ ಮೀಸೆ ಬೋಳಿಸ್ಕೊಳ್ತೀನಿ."

"ಮೊದ್ಲು ಬೆಳೆಸು, ಆಮೇಲೆ ಬೋಳಿಸ್ಕೊ" ಎಂದು ನಾನೇ ಹೇಳಿದೆ.

ಬೆಳಿಗ್ಗೆಯೇ ಹೊರಟೆವು. ಹುಚ್ಚಮ್ಮ ಮುಂದೆ, ಷಡಕ್ಷರಿಯ ಪಕ್ಕ. ಹಿಂದೆ ನಾನು, ಪೂಜಾರಿ ಷಣ್ಮುಖಪ್ಪ ಮತ್ತು ಪಕ್ಕದ ಮನೆಯ ಕಾಂತಮ್ಮ. ಕಾಂತಮ್ಮ ಕೂತ ಕಡೆ ಜೀಪು ಅರ್ಧ ಗೇಣು ತಗ್ಗಿತು. ಅವಳ ಮಡಿಲಲ್ಲಿ ಎಲೆಯಡಿಕೆಯ ಗಂಟು. ಹುಚ್ಚಮ್ಮ ಅದನ್ನು ನೋಡಬಾರದು ಎಂದು ಸೆರಗು ಮುಚ್ಚಿದ್ದಳು. ಆದರೆ ವಾಸನೆಗೆ ಸೆರಗುಂಟೇ? ಹುಚ್ಚಮ್ಮ ದಾರಿಯುದ್ದಕ್ಕೂ ಮೂಗು ಹಿಂದಕ್ಕೆ ತಿರುಗಿಸುತ್ತಲೇ ಇದ್ದಳು.

ದಾರಿ ಎನ್ನುವುದೂ ಸುಳ್ಳು. ಮಳೆನೀರು ಹರಿದ ಕೊರಕಲು, ಆನೆ ಮರಿಯಷ್ಟು ಗುಂಡುಗಳು, ನಡುವೆ ಲಂಟಾನ ಪೊದೆ. ಆದರೂ ಆ ಜೀಪು ಒಂದೊಂದೇ ಚಕ್ರ ಎತ್ತಿ, ನೆಲ ಮುಟ್ಟಿ ನೋಡಿ, ಕಳ್ಳಬೆಕ್ಕಿನ ಹಾಗೆ ಹೆಜ್ಜೆಯಿಟ್ಟಿತು. ಒಂದು ಕಡೆ ಎಷ್ಟು ವಾಲಿತೆಂದರೆ ನಾನು ಕೈಚಾಚಿ ನೆಲದ ಮೇಲಿನ ಕಾರೆ ಹಣ್ಣು ಹೆಕ್ಕಿಕೊಂಡೆ.

ಅರ್ಧ ದಾರಿಯಲ್ಲಿ ನಿಜವಾದ ಏರು ಬಂತು. ಏರು ಬಂದರೆ ಎತ್ತಿನ ಗಾಡಿಯಲ್ಲಿ ಕೂತವರು ಮುಂದಕ್ಕೆ ಸರಿಯಬೇಕು. ಇಲ್ಲದಿದ್ದರೆ ಹಿಂಭಾರವಾಗಿ ನೊಗ ಮೇಲೆದ್ದು ಎತ್ತುಗಳ ಕತ್ತು ಬಿಗಿಯುತ್ತದೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಯಾರೂ ಹೇಳಲಿಲ್ಲ, ಕೇಳಲಿಲ್ಲ, ಮೂವರೂ ಒಟ್ಟಿಗೆ ಮುಂದಕ್ಕೆ ನುಗ್ಗಿದೆವು. ಷಣ್ಮುಖಪ್ಪ ಷಡಕ್ಷರಿಯ ಕೊರಳಿಗೆ ಜೋತುಬಿದ್ದ. ಕಾಂತಮ್ಮ ನನ್ನ ಮೇಲೆ ಬಿದ್ದಳು. ಹಿಂದಿನ ಚಕ್ರಗಳು ಬರಿದೇ ಗರಗರ ತಿರುಗಿ, ಕಲ್ಲು ಹಾರಿಸಿ, ಜೀಪು ಹಿಂದಕ್ಕೆ ಜಾರಿತು.

"ಅಯ್ಯೋ, ಇನ್ನೂ ಮುಂದಕ್ಕೆ ಬನ್ರೇ!" ಹುಚ್ಚಮ್ಮ ಕೂಗಿದಳು.

ನಾವು ಇನ್ನೂ ಮುಂದಕ್ಕೆ ಹೋದೆವು. ಜೀಪು ಇನ್ನೂ ಹಿಂದಕ್ಕೆ ಜಾರಿತು. ಷಡಕ್ಷರಿ ಬ್ರೇಕು ತುಳಿದು, ಕೊರಳು ಬಿಡಿಸಿಕೊಂಡು ತಿರುಗಿದ.

"ಲೇ ಷಣ್ಮುಖಪ್ಪ, ಎತ್ತು ಮುಂದೆ ಕಟ್ಟೀನೇನೋ? ಇದರ ಎತ್ತು ಹಿಂದೈತೆ! ಎಳೆಯೋದೆಲ್ಲಾ ಹಿಂದಿನ ಚಕ್ರ. ಅದರ ಮ್ಯಾಲೆ ಭಾರ ಬೀಳ್ಬೇಕು. ಹೋಗ್ರಿ ಎಲ್ಲಾ ಹಿಂದಕ್ಕೆ!"

"ಏರಿನಾಗೆ ಹಿಂದಕ್ಕಾ? ಹುಟ್ಟಿದ ಮಗೂನೂ ನಗ್ತೈತೆ" ಎಂದ ಷಣ್ಮುಖಪ್ಪ.

"ಲೋ ಪೂಜಾರಿ," ಎಂದಳು ಹುಚ್ಚಮ್ಮ, "ಮೂರು ವರ್ಷದಿಂದ ನನ್ನ ನಾಲಿಗೆ ಒಣಗೈತೆ. ಹಿಂದಕ್ಕೆ ಹೋಗ್ತೀಯೋ, ಇಲ್ಲ ಇಳಿದು ನೀನೇ ಎಳೀತೀಯೋ?"

ಹೋದೆವು. ಕಾಂತಮ್ಮ ಹಿಂದಿನ ತುದಿಗೆ ಕೂತು ಕಣ್ಣು ಮುಚ್ಚಿದಳು. ಷಡಕ್ಷರಿ ಮೆಲ್ಲಗೆ ಕ್ಲಚ್ಚು ಬಿಟ್ಟ. ಚಕ್ರ ನೆಲವನ್ನು ಹಲ್ಲಿನಿಂದ ಕಚ್ಚಿದಂತೆ ಹಿಡಿಯಿತು. ಜೀಪು ಒಮ್ಮೆ ಗುರ್ ಎಂದು ಕುಂಡೆ ಭಾರ ಕೊಟ್ಟು ಮೇಲಕ್ಕೆ ಹೊರಟಿತು ನೋಡಿ! ಎದುರಿಗೆ ಆಕಾಶ ಬಿಟ್ಟರೆ ಏನೂ ಕಾಣಲಿಲ್ಲ. ಸ್ವರ್ಗಕ್ಕೇ ಹೋಗುತ್ತಿದ್ದೇವೆ, ನನ್ನ ಗಂಡ ಬಾಗಿಲಲ್ಲಿ ನಿಂತು ಯಾಕೆ ಇಷ್ಟು ಬೇಗ ಬಂದೆ ಎಂದು ಬೈಯುತ್ತಾನೆ ಅಂದುಕೊಂಡೆ.

ಗುಡಿಯ ಬಾಗಿಲ ಎದುರಿಗೇ ಜೀಪು ನಿಂತಿತು. ಹುಚ್ಚಮ್ಮ ಕೂತಲ್ಲಿಂದಲೇ ವೀರಭದ್ರನಿಗೆ ಕೈ ಮುಗಿದಳು. ಷಣ್ಮುಖಪ್ಪ ಒದ್ದೆ ಹೂವು ದೇವರ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ.

"ಕಾಲಲ್ಲಿ ಹತ್ತಿಲ್ಲ ಕಣವ್ವ. ಸ್ವಾಮಿ ಒಪ್ತಾನೋ ಇಲ್ವೋ" ಎಂದ ಷಣ್ಮುಖಪ್ಪ. ಮುಂದಕ್ಕೆ ನುಗ್ಗಿ ಬೈಸಿಕೊಂಡ ಸಿಟ್ಟು ಅವನಿಗೆ ಇನ್ನೂ ಇತ್ತು.

ಕಾದೆವು. ಹೂವು ಅಲ್ಲಾಡಲಿಲ್ಲ. ಹುಚ್ಚಮ್ಮ ಬಲಗಡೆಯ ಹೂವಿನ ಮೇಲಿಂದ ಕಣ್ಣು ಕೀಳಲಿಲ್ಲ. ಬೈಗುಳ ಬರಲಿಲ್ಲ, ಮೂರು ವರ್ಷದಲ್ಲಿ ನಾನು ಅವಳನ್ನು ಹಾಗೆ ಕಂಡಿರಲಿಲ್ಲ. ಬಿಸಿಲೇರುತ್ತಿದೆ, ಜೀಪು ತಿರುಗಿಸಿಡುತ್ತೇನೆ ಎಂದು ಷಡಕ್ಷರಿ ಇಂಜಿನ್ನು ಶುರು ಮಾಡಿದ. ಗುಡುಗು ಬಂದ ಹಾಗೆ ಗುಡಿಯೆಲ್ಲ ಅದುರಿತು. ಬಲಭುಜದ ಹೂವು ಜಾರಿ ಬಿತ್ತು.

"ಬಿತ್ತು!" ಹುಚ್ಚಮ್ಮ ಕಿರುಚಿದಳು.

"ಅದು ಜೀಪು ಅದುರಿಸಿದ್ದು, ಲೆಕ್ಕಕ್ಕಿಲ್ಲ" ಎಂದ ಷಣ್ಮುಖಪ್ಪ.

"ಅದುರಿಸಿದ್ದು ಜೀಪೇ ಕಣೋ. ಎಡಗಡೇದೂ ಅದುರ್ತಲ್ಲ, ಅದ್ಯಾಕೆ ಬೀಳ್ಲಿಲ್ಲ? ಬಲಗಡೇದ್ನೇ ಬೀಳ್ಸಿದ್ಯಾರು?"

ಷಣ್ಮುಖಪ್ಪ ದೇವರ ಮುಖ ನೋಡಿದ, ಜೀಪಿನ ಮುಖ ನೋಡಿದ, ತೆಂಗಿನಕಾಯಿ ಒಡೆದ.

ಕಾಂತಮ್ಮ ಗಂಟು ಬಿಚ್ಚಿದಳು. ಹುಚ್ಚಮ್ಮ ಎಲೆಗೆ ಸುಣ್ಣ ಸವರಿ, ಹಿಡಿ ಅಡಿಕೆ ತುಂಬಿ, ಒಟ್ಟಿಗೇ ಬಾಯಿಗೆ ತುರುಕಿದಳು. ಕಣ್ಣಲ್ಲಿ ನೀರು ಬಂತು.

"ಉಗುಳು ಅತ್ತೆ, ಪರವಾಗಿಲ್ಲ" ಎಂದು ಗುಡ್ಡ ಇಳಿಯುವಾಗ ಷಡಕ್ಷರಿ ಎಷ್ಟೋ ಸಲ ಹೇಳಿದ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಇಂಥ ಜೀಪಿನ ಮೈ ಮೇಲೆ ಒಂದು ತೊಟ್ಟೂ ಬೀಳಬಾರದು ಎಂದು ಬಾಯಿ ಬಿಗಿಹಿಡಿದು, ಕೆನ್ನೆ ಎರಡು ಕುಂಬಳಕಾಯಿಯಾಗಿ, ಊರು ಮುಟ್ಟುವವರೆಗೆ ಯಾರಿಗೂ ಒಂದು ಮಾತು ಬೈಯಲಿಲ್ಲ.