ಏರ್‌ವಾಲ್ವಿನ ಗಂಗೆ

"ಎದ್ದೇಳ್ರೇ ಮುಂಡೇವಾ! ಪೇಟೆ ಜನ ಕುಡಿಯೋ ನೀರಿದು. ಬಾಣಂತೀನ ತಂದು ಕೂರ್ಸಿ ಮೈಲಿಗೆ ಮಾಡ್ತಿದೀರಲ್ಲ!"

ಜೀಪಿನಿಂದ ಇಳಿಯುತ್ತಲೇ ಬೈದವನು ಪೈಪ್‌ಲೈನ್ ಗುತ್ತಿಗೆದಾರರ ಇಂಜಿನಿಯರ್ ರುದ್ರಮೂರ್ತಿ. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿ, ಕೇರಿಯ ಬಾವಿಯಿಂದ ಹತ್ತು ಮಾರು ದೂರದಲ್ಲಿ, ಕಡೂರಿಗೆ ನೀರು ಒಯ್ಯುವ ಪೈಪಿನ ಏರ್‌ವಾಲ್ವು ನೆಲದಿಂದ ಮೊಳದೆತ್ತರ ಎದ್ದು ನಿಂತಿತ್ತು. ಅದರ ನಟ್ಟಿನ ಸಂದಿಯಿಂದ ನೂಲಿನಷ್ಟು ನೀರು ಸೋರುತ್ತಿತ್ತು. ಕೇರಿಯ ಮೂವತ್ತು ಮನೆ ಬದುಕಿದ್ದು ಆ ನೂಲಿನಲ್ಲೇ. ಕಾವಲಿನಲ್ಲಿ ಪೇಟೆಗೆಂದು ಆರು ಬೋರು ಕೊರೆದ ಮೇಲೆ ಬಾವಿ ಬತ್ತಿ ಎರಡು ಬೇಸಿಗೆ ಕಳೆದಿದ್ದವು.

ಕರಿಬಸಮ್ಮ ಏಳಲಿಲ್ಲ. ವಾಲ್ವಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಬುಡದಲ್ಲಿ ಐದು ಕಲ್ಲು ಜೋಡಿಸಿದ್ದಳು. ಪಕ್ಕದಲ್ಲಿ ಸೊಸೆ ಗಾನವಿ, ಅವಳ ಮಡಿಲಲ್ಲಿ ಮೂರು ತಿಂಗಳ ಕೂಸು, ಸೋರುವ ನೂಲಿನ ಕೆಳಗೆ ಬಿಂದಿಗೆ. ಬಾಣಂತಿ ಗಂಗೆಪೂಜೆ ಮಾಡಿ, ಒಂದು ಬಿಂದಿಗೆ ನೀರು ಹೊತ್ತು ಹೊಸಿಲು ದಾಟಬೇಕು. ಅಲ್ಲಿಯವರೆಗೆ ಒಲೆ ಮುಟ್ಟುವಂತಿಲ್ಲ. ಕರಿಬಸಮ್ಮ, ಅವಳ ಅತ್ತೆ, ಆ ಅತ್ತೆಯ ಅತ್ತೆ ಎಲ್ಲರೂ ಬಾವಿಕಟ್ಟೆಯ ಮೇಲೆ ಮಾಡಿದ್ದರು.

"ಬಾವಿ ಹತ್ರ ಹೋಗಿ ಮಾಡ್ಕಳ್ರೇ."

"ಬಾವೀಲಿ ಗಂಗಮ್ಮ ಎಲ್ಲವ್ಳೆ ಸಾಮೀ? ನಿಮ್ ಪೈಪೊಳಗೆ ಹೊಂಟೋಗವ್ಳೆ. ಅವ್ಳನ್ನ ಹುಡಿಕ್ಕಂಡೇ ಇಲ್ಲಿಗ್ ಬಂದ್ವಿ."

ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ರುದ್ರಮೂರ್ತಿ ಪೂಜೆಗಿಟ್ಟಿದ್ದ ಎಲೆ ಅಡಿಕೆಯನ್ನು ಬೂಟಿನ ತುದಿಯಿಂದ ಸರಿಸಿದ.

"ಎಲ್ಲೋ ವಾಟರ್‌ಮ್ಯಾನು? ಬಾರಲೇ ಹಾಲೇಶ!"

ಹಾಲೇಶ ಬಂದ. ಗಾನವಿಯ ಗಂಡ. ದಿನಾ ಬೆಳಗ್ಗೆ ಆರೂ ಬೋರಿನ ಮೋಟರು ಹಾಕುವವನು ಅವನೇ. ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು.

"ಟೈಟ್ ಮಾಡೋ. ಒಂದ್ ತೊಟ್ಟೂ ಬೀಳಬಾರ್ದು. ನಾಳೆ ಸುತ್ತ ಸಿಮೆಂಟ್ ಕಟ್ಟಿ ಬೀಗ ಹಾಕಿಸ್ತೀನಿ."

"ಬಿಂದಿಗೆ ಮುಕ್ಕಾಲು ತುಂಬೈತೆ ಸಾರ್. ಪೂಜೆ ಒಂದ್ ಮುಗೀಲಿ..."

"ನಿನ್ ಹೆಂಡ್ತಿ ಮುಟ್ಟಿದ್ ನೀರನ್ನ ಪೇಟೆ ಜನ ಕುಡೀಬೇಕೇನೋ ಸೂಳೆಮಗನೆ? ತಿರುಗಿಸ್ತೀಯೋ, ನಾಳೆಯಿಂದ ಮನೇಲಿ ಬಿದ್ದಿರ್ತೀಯೋ?"

ಹಾಲೇಶ ಕುಕ್ಕರುಗಾಲಲ್ಲಿ ಕುಳಿತು ನಟ್ಟಿಗೆ ಸ್ಪ್ಯಾನರ್ ಹಾಕಿದ. ಅರ್ಧ ಸುತ್ತು. ನೂಲು ತೆಳುವಾಯಿತು, ತುಂಡಾಯಿತು, ಹನಿಯಾಯಿತು. ಸ್ಪ್ಯಾನರಿನ ಬಾಯಿಗೆ ಅರಿಶಿನ ಮೆತ್ತಿಕೊಂಡಿತು.

ಗಾನವಿ ಗಂಡನ ಮುಖ ನೋಡಲಿಲ್ಲ. ಬೀಳುವ ಹನಿಗೆ ಬೆರಳೊಡ್ಡಿ ಕೂಸಿನ ನೆತ್ತಿಗೆ ಸವರಿದಳು.

"ತಿರುವು ಮಗಾ, ತಿರುವು," ಎಂದಳು ಕರಿಬಸಮ್ಮ. "ಅದಾದ್ಮೇಲೆ ನಿಮ್ಮವ್ವನ್ ಕತ್ತೂ ಹಿಂಗೇ ತಿರುವ್ಬಿಡು."

ಹಾಲೇಶನ ಕೈ ನಿಂತಿತು. ಆಮೇಲೆ ಹಿಂದಕ್ಕೆ ತಿರುಗಿತು. ಹನಿ ಮತ್ತೆ ನೂಲಾಯಿತು. ಅವನು ಎದ್ದು ಬಾವಿಯ ಕಡೆ ನಡೆದ.

"ಏಯ್, ಎಲ್ಲಿಗೋ?"

"ನೀರೈತಾ ನೋಡ್ತೀನಿ ಸಾರ್. ನೀವೂ ಕಿವಿ ಕೊಡಿ."

ಸ್ಪ್ಯಾನರನ್ನು ಬಾವಿಯೊಳಕ್ಕೆ ಬಿಟ್ಟ. ಕೆಳಗೆ, ಬಲು ಆಳದಲ್ಲಿ, ಕಬ್ಬಿಣ ಬಂಡೆಗೆ ಬಡಿಯಿತು.

ರುದ್ರಮೂರ್ತಿ ಫೋನಿನಲ್ಲಿ ಕಿರುಚತೊಡಗಿದ. ಕಡೂರಿಂದ ಇನ್ನೊಂದು ಸ್ಪ್ಯಾನರ್ ಕಳಿಸಿ, ಪೊಲೀಸರನ್ನೂ ಕಳಿಸಿ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಂತಮ್ಮ ಖಾಲಿ ಕೊಡ ಮುಂದಿಟ್ಟುಕೊಂಡು, ವಾಲ್ವಿನ ಸುತ್ತ ಕುಳಿತರು.

ಗಾನವಿಯ ಬಿಂದಿಗೆ ತುಂಬಲು ಇನ್ನೂ ನಾಲ್ಕು ಬೆರಳು ಬಾಕಿ ಇತ್ತು.